ಬ್ಯಾಟರಿ ಬಿಟ್ಟುಹೋದ ಲೆಕ್ಕ

ಲೆಕ್ಕಕ್ಕೆ ಸೊನ್ನೆ ಉತ್ತರ ಬಂದರೆ ಅದು ಸರಿಯೆಂದು ನಂಬುವ ಧೈರ್ಯ ನನಗಂತೂ ಇಲ್ಲ. ಅಷ್ಟು ಬೆವರು ಸುರಿಸಿ ಸೊನ್ನೆಗೆ ಬಂದು ಮುಟ್ಟುವುದಾದರೆ ಸುಮ್ಮನೆ ಕೂತಿದ್ದರೂ ಆಗುತ್ತಿತ್ತಲ್ಲ ಎನ್ನಿಸುತ್ತದೆ. ಐವತ್ತೆಂಟರ ಬೇಸಿಗೆ ರಜೆಯಲ್ಲಿ, ಎಂಜಿನಿಯರಿಂಗಿನ ಕಡೆಯ ವರ್ಷದ ವಿದ್ಯಾರ್ಥಿಯಾಗಿದ್ದ ನಾನು ಸೊರಬದ ನಮ್ಮ ಮನೆಯ ಜಗಲಿಯಲ್ಲಿ ಇಂಥದೇ ಒಂದು ಲೆಕ್ಕದ ಜೊತೆ ಗುದ್ದಾಡುತ್ತಿದ್ದೆ. ಮನೆಗೆ ಇನ್ನೂ ಕರೆಂಟು ಬಂದಿರಲಿಲ್ಲ; ಹರಿಯುತ್ತಿದ್ದುದೆಲ್ಲ ನನ್ನ ಕಾಗದದ ಮೇಲೆ. ರೇಡಿಯೋ ವಾಲ್ವಿನ ಸರ್ಕಿಟ್ಟು ಅದು. ತಂತಿಗಳು ಸೇರುವ ಗಂಟುಗಳಲ್ಲಿ ಒಂದನ್ನು ನೆಲ, ಅಂದರೆ ಸೊನ್ನೆ ವೋಲ್ಟೇಜು, ಎಂದು ಹಿಡಿದು, ಉಳಿದ ಒಂದೊಂದು ಗಂಟಿಗೂ ಒಳಬಂದ ಕರೆಂಟು ಹೊರಹೋದ ಕರೆಂಟಿಗೆ ಸಮ ಎಂದು ಬರೆಯುತ್ತ ಹೋಗಬೇಕು. ಇಷ್ಟೇ ಆಗಿದ್ದರೆ ಸುಲಭ. ಆದರೆ ಗಂಟುಗಳ ನಡುವೆ ಎರಡು ಪರಾಧೀನ ವೋಲ್ಟೇಜುಗಳು ಕೂತಿದ್ದವು. ಬ್ಯಾಟರಿಗಿರುವ ಹಾಗೆ ಇವಕ್ಕೆ ಸ್ವಂತದ್ದೇನೂ ಇಲ್ಲ. ಸರ್ಕಿಟ್ಟಿನಲ್ಲಿ ಇನ್ನೆಲ್ಲೋ ಇರುವ ವೋಲ್ಟೇಜಿನ ಇಷ್ಟು ಪಟ್ಟು ನಾನು ಎನ್ನುತ್ತವೆ, ಅಷ್ಟೆ. ಅವುಗಳ ಎರಡು ತುದಿಯ ಗಂಟುಗಳನ್ನು ಸೇರಿಸಿ ಒಂದೇ ದೊಡ್ಡ ಗಂಟೆಂದು ಹಿಡಿದು, ಯಾವುದು ಯಾರ ಮಾತು ಕೇಳುತ್ತದೆ ಎಂಬುದಕ್ಕೆ ಬೇರೆ ಸಮೀಕರಣ ಬರೆಯಬೇಕು. ಬರೆದೆ. ಎಲ್ಲ ಗಂಟೂ ಸೊನ್ನೆ. ಮತ್ತೆ ಮಾಡಿದರೂ ಸೊನ್ನೆ.

ತಲೆ ನೆಟ್ಟಗಿರಲಿಲ್ಲ ಎನ್ನಿ. ಶಿಕಾರಿಪುರದ ಜವಳಿ ವ್ಯಾಪಾರಿಯೊಬ್ಬರ ಮಗಳು ಗಿರಿಜೆಯನ್ನು ನೋಡಿ ಬಂದಿದ್ದೆವು. ನನಗೆ ಹುಡುಗಿ ತುಂಬ ಹಿಡಿಸಿದ್ದಳು. ಆದರೆ ಎರಡೂ ಕಡೆಯವರು ಮಹಾ ಮರ್ಯಾದಸ್ಥರು. ನೀವು ಹೇಳಿದ ಹಾಗೆ ಎಂದು ನಮ್ಮಪ್ಪ, ತಮ್ಮ ಇಷ್ಟವೇ ನಮ್ಮ ಇಷ್ಟ ಎಂದು ಅವರು. ಇದೇ ಮಾತು ಬಸ್ಸು ಹತ್ತಿ ಇಳಿದು ವಾರಗಟ್ಟಲೆ ಓಡಾಡಿತು. ಅಷ್ಟರಲ್ಲಿ ಜಡೆ ಎಂಬ ಊರಿನ ಕಡೆಯ ಗಂಡೊಂದು ಅವಳನ್ನು ನೋಡಲು ಬರುತ್ತದೆಂದು ಸುದ್ದಿ ಬಂತು.

ಅದೇ ಸಂಕಟದಲ್ಲಿ ಪುಸ್ತಕ ತೆರೆದು ನೋಡಿದರೆ, ಲೆಕ್ಕ ಇಳಿಸಿಕೊಳ್ಳುವಾಗ ಚಿತ್ರದ ಮೂಲೆಯಲ್ಲಿದ್ದ ಬ್ಯಾಟರಿಯನ್ನೇ ಬಿಟ್ಟಿದ್ದೆ. ಒಂದು ಇನ್ನೊಂದರ ಮುಖ ನೋಡುತ್ತ ಕೂತರೆ ಕರೆಂಟು ಎಲ್ಲಿಂದ ಬರಬೇಕು? ನಮ್ಮ ಸಂಬಂಧದ ಅವಸ್ಥೆಯೂ ಇದೇ. ಸರಿ, ನಾನೇ ಬ್ಯಾಟರಿಯಾಗುತ್ತೇನೆಂದು ನಿರ್ಧರಿಸಿ, ಅಪ್ಪನನ್ನು ಹೊರಡಿಸಿಕೊಂಡು ಶಿಕಾರಿಪುರಕ್ಕೆ ಹೋದೆ.

ಅಲ್ಲಿ ಮತ್ತೆ ಅದೇ ಉಪಚಾರ ಶುರುವಾಯಿತು. ನಾನು ಗಂಟಲು ಸರಿಮಾಡಿಕೊಂಡೆ. ಎಲ್ಲರೂ ನನ್ನತ್ತ ತಿರುಗಿದರು.

"ಹಿರಿಯರು ನೀವು ಹ್ಯಾಗೆ ಹೇಳ್ತೀರೋ ಹಾಗೆ ರೀ," ಅಂದೆ.

ಒಳಬಾಗಿಲಲ್ಲಿ ನಿಂತಿದ್ದ ಗಿರಿಜೆ ಮುಂದೆ ಬಂದಳು. "ಅಪ್ಪಾಜಿ, ನಂಗೆ ಒಪ್ಪಿಗೆ ಐತ್ರೀ. ಈ ವೈಶಾಖದಾಗೇ ಮದ್ವೆ ಇಡ್ರಿ. ಇಲ್ಲಾಂದ್ರೆ ಇವ್ರು ಹಿಂಗೇ ಕುಂತಿರ್ತಾರೆ."

ಹಿರಿಯರಿಬ್ಬರೂ ಬದುಕಿದೆವೆಂಬಂತೆ ಪಂಚಾಂಗ ತರಿಸಿದರು.

ಮದುವೆಯಾಗಿ ವರ್ಷವಾಯಿತು. ಮೊನ್ನೆ ಪಕ್ಕದ ಮನೆಯವರು ಬಂದು, ನಡುವಿನ ಬೇಲಿ ತೆಗೆಸಿ ಗೋಡೆ ಹಾಕಿಸೋಣವೇ, ಮನೆ ಯಜಮಾನರು ನೀವು, ನಿಮ್ಮ ಅಭಿಪ್ರಾಯ ಹೇಳಿ ಎಂದರು. ಯಜಮಾನರು ಎಂದದ್ದು ನನಗೆ ಹಿತವಾಗಿತ್ತು. ಎದ್ದು ನಿಂತು ಗಂಭೀರವಾಗಿಯೇ ಹೇಳಿದೆ: "ಸ್ವಲ್ಪ ಕೂತಿರಿ. ನನ್ನ ಅಭಿಪ್ರಾಯ ಏನು ಅಂತ ಒಳಗೆ ಕೇಳ್ಕೊಂಡು ಬರ್ತೀನಿ."