ರಟ್ಟಿನ ಡಬ್ಬದ ರಿಂಗು

ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿಯಬೇಕು ಎಂದು ಬಲ್ಲವರು ಹೇಳುತ್ತಾರೆ. ಹೇಳುವುದಕ್ಕೇನು? ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಅಪಾರ್ಟ್‌ಮೆಂಟಿಗೆ ದಿನ ಬಿಟ್ಟು ದಿನ ನೀರು ಬರುತ್ತದೆಂಬುದು ಆ ಬಲ್ಲವರಿಗೆ ಗೊತ್ತಿಲ್ಲ. ನನ್ನ ಸಿಟ್ಟಿಗೆ ತಕ್ಕಷ್ಟು ನೀರು ಕುಡಿಯುವುದಾದರೆ ವಾರಕ್ಕೊಂದು ಟ್ಯಾಂಕರ್ ತರಿಸಬೇಕು. ಇದು ಅಪ್ಪನಿಂದ ಬಂದ ಆಸ್ತಿ. ಅಪ್ಪ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ದಿನವೆಲ್ಲ ತಡವಾಗಿ ಬರುವ ಬಸ್ಸುಗಳ ಮೇಲೆ ಸಿಟ್ಟಾಗಿ, ಸಂಜೆ ಮನೆಗೆ ಬಂದು ಸರಿಯಾದ ಸಮಯ ತೋರಿಸುತ್ತಿದ್ದ ಗಡಿಯಾರದ ಮೇಲೂ ಸಿಟ್ಟಾಗುತ್ತಿದ್ದರು. ಅಣ್ಣನಿಗೆ ಮನೆ ಬಂತು, ನನಗೆ ಸಿಟ್ಟು ಬಂತು. ನನ್ನ ಪಾಲನ್ನು ನಾನು ಚೆನ್ನಾಗಿ ಬೆಳೆಸಿಕೊಂಡಿದ್ದೇನೆ. ಮೂವತ್ತು ವರ್ಷದಿಂದ ಅದನ್ನು ಅನುಭವಿಸುತ್ತಿರುವ ನನ್ನ ಯಜಮಾನರು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಿಂದ ನಿವೃತ್ತರು. ಅಲ್ಲಿ ಸ್ಫೋಟಕಗಳ ಪಕ್ಕದಲ್ಲೇ ಕೂತು ಕೆಲಸ ಮಾಡಿದವರಾದ್ದರಿಂದ ಮನೆಯಲ್ಲಿ ಅವರಿಗೆ ಹೊಸತೇನೂ ಅನ್ನಿಸಿಲ್ಲ.

ಈ ಸಲದ ಸಿಟ್ಟು ಶುರುವಾದದ್ದು ಹಳೆ ಮೊಬೈಲ್ ಫೋನುಗಳಿಂದ. ನಮ್ಮ ಕನ್ನಡ ಮಹಿಳಾ ಮಂಡಳಿಗೆ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪದೆ ನಾನು ಸಿಟ್ಟಿನಿಂದ 'ಹಂಗಾದ್ರ ನಾನ ಮಾಡ್ತೀನಿ' ಎಂದದ್ದರಿಂದ ಬಂದ ಹುದ್ದೆ. ಕ್ಯಾನ್ಸರ್ ಆಸ್ಪತ್ರೆಯ ಹತ್ತಿರ ಒಂದು ಸಂಸ್ಥೆಯಿದೆ. ಅವರು ಹಳೆ ಫೋನುಗಳನ್ನು ಒಟ್ಟುಮಾಡಿ, ಕೆಟ್ಟವನ್ನು ಬಿಡಿಭಾಗ ಬೇರ್ಪಡಿಸುವ ಕಾರ್ಖಾನೆಗೆ ಕೊಡುತ್ತಾರೆ, ನಡೆಯುವವನ್ನು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಬಂದ ಹಣದಲ್ಲಿ ದೂರದಿಂದ ಬರುವ ರೋಗಿಗಳ ಮನೆಯವರಿಗೆ ಒಲೆ, ಮಂಚ ಇರುವ ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದಾರೆ. ಮೂರು ಕೋಣೆಗಳಿವೆ, ಮೂರೂ ತುಂಬಿವೆ. ನಾಲ್ಕನೆಯದು ಹಿಡಿಯಲು ಸಾಧ್ಯವಾದರೆ ಪಾಳಿಯಲ್ಲಿ ಮೊದಲ ಹೆಸರು ನಮ್ಮ ಶಿವಲೀಲಾಳದು.

ಶಿವಲೀಲಾ ಲಿಂಗಸುಗೂರು ಕಡೆಯವಳು, ಮೂವತ್ತೆಂಟರ ಹೆಣ್ಣುಮಗಳು. ಗಂಡ ಸಂಗಪ್ಪ ನಗರದಾಚೆಯ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಎದೆಯ ಆಪರೇಷನ್ ಆಗಿ ಈಗ ದಿನಾ ರೇಡಿಯೇಷನ್ನು, ಅವಳ ಬಾಯಲ್ಲಿ ಅದು 'ಕರೆಂಟು'. ಪಟಾನ್‌ಚೆರುವಿನಿಂದ ಎರಡು ಬಸ್ಸು ಬದಲಿಸಿ, ಹೊಟ್ಟೆ ತೊಳಸಿದರೆ ಇರಲೆಂದು ಪ್ಲಾಸ್ಟಿಕ್ ಚೀಲ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬರುತ್ತಾಳೆ, ಹಾಗೆಯೇ ಹೋಗುತ್ತಾಳೆ. ನಡುವೆ ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರು ಗದರಿಸಿ ಹೇಳಿದ್ದಾರೆ. ಕೋಣೆ ಸಿಕ್ಕರೆ ಅವಳು ಆ ಬಸ್ಸುಗಳನ್ನು ಹತ್ತುವುದು ತಪ್ಪುತ್ತದೆ. ನಮಗೆ ಬೇಕಾದದ್ದು ಇಷ್ಟೇ.

ಟಿವಿ ಬಂದ ರಟ್ಟಿನ ಡಬ್ಬವನ್ನು ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ವಾಚ್‌ಮನ್ ಯಾದಯ್ಯನ ಕುರ್ಚಿಯ ಪಕ್ಕದಲ್ಲಿಟ್ಟೆ. ಜನರ ಔದಾರ್ಯ ಅಲ್ಲಿಂದ ಹರಿಯತೊಡಗಿತು. ಮೊದಲ ವಾರ ಡಬ್ಬದಲ್ಲಿ ಬಿದ್ದದ್ದು ಒಂದು ಟಿವಿ ರಿಮೋಟು, ಎರಡು ಕ್ಯಾಲ್ಕುಲೇಟರು, ಫೋನಿಲ್ಲದ ಆರು ಫೋನ್ ಕವರು ಮತ್ತು ಬಾದಾಮಿ ಸಿಪ್ಪೆ. ಬೆಂಗಳೂರಿನಿಂದ ಬಂದು ಇಲ್ಲಿ ಐಟಿಯಲ್ಲಿರುವ ಎರಡನೇ ಮಹಡಿಯ ತರುಣ, 'ಆಂಟಿ, ಫೋನಲ್ಲಿರೋ ನನ್ನ ಡೇಟಾ ಅಳಿಸಿದ್ದಕ್ಕೆ ಸರ್ಟಿಫಿಕೇಟ್ ಕೊಡ್ತೀರಾ?' ಎಂದು ಕೇಳಿದ. ಅವನ ಡೇಟಾ ನನಗೆ ಗೊತ್ತಿಲ್ಲದ್ದೇ? ರಾತ್ರಿ ಏನು ತರಿಸಿ ತಿಂದನೆಂದು ಅವನ ಬಾಗಿಲ ಮುಂದಿನ ಕಸದ ಚೀಲವೇ ದಿನಾ ಹೇಳುತ್ತದೆ. ನಾನು ಬೈದೆ. ಅವನು ಬರೀ ಚಾರ್ಜರ್ ಒಂದನ್ನು ಹಾಕಿ, ಡಬ್ಬದ ಜೊತೆ ಫೋಟೋ ತೆಗೆಸಿಕೊಂಡು ಹೋದ.

ಎಲ್ಲಕ್ಕಿಂತ ದೊಡ್ಡ ವೈರಿ ಬೀದಿಯಲ್ಲಿದ್ದ. ಬೈಕಿನ ತುಂಬ ಪ್ಲಾಸ್ಟಿಕ್ ಟಬ್ಬು, ಕೊಡ, ಜರಡಿ ಕಟ್ಟಿಕೊಂಡು, 'ಪಾತ ಸೆಲ್‌ಫೋನ್‌ಲಕು ಪ್ಲಾಸ್ಟಿಕ್ ಟಬ್ಬುಲು' ಎಂದು ಮೈಕಿನಲ್ಲಿ ಒದರಿಸುತ್ತಾ ಬರುವ ವ್ಯಾಪಾರಿ. ಹಳೆ ಫೋನು ಕೊಟ್ಟರೆ ಟಬ್ಬು. ಎದುರು ಮನೆಯ ಲಕ್ಷ್ಮಿಯವರು ಸೆರಗಿನಲ್ಲಿ ಮೂರು ಫೋನು ಕಟ್ಟಿಕೊಂಡು ನಮ್ಮ ಡಬ್ಬವನ್ನು ದಾಟಿ ಅವನ ಬಳಿ ಹೋದದ್ದನ್ನು ಬಾಲ್ಕನಿಯಿಂದ ಕಣ್ಣಾರೆ ಕಂಡೆ. ಇಳಿದು ಹೋಗಿ ಕೇಳಿದರೆ, 'ಆಯನ ಟಬ್ಬು ಇಸ್ತಾಡಂಡಿ, ಮೀರೇಮಿಸ್ತಾರು?' ಎಂದರು. ಅವನು ಟಬ್ಬು ಕೊಡುತ್ತಾನೆ, ನೀವೇನು ಕೊಡುತ್ತೀರಿ? ಪುಣ್ಯ ಎನ್ನಬಹುದಿತ್ತು. ಆದರೆ ಪುಣ್ಯದಲ್ಲಿ ಬಟ್ಟೆ ನೆನೆಸಲು ಬರುವುದಿಲ್ಲ. ಆ ಗುಲಾಬಿ ಟಬ್ಬು ಅವರ ಬಾಲ್ಕನಿಯಲ್ಲಿ ಕಂಡಾಗಲೆಲ್ಲ ನನಗೆ ಬಸ್ಸಿನಲ್ಲಿ ಚೀಲ ಹಿಡಿದು ಕೂತ ಶಿವಲೀಲಾ ನೆನಪಾಗಿ ಮೈಯೆಲ್ಲ ಉರಿಯುತ್ತಿತ್ತು. ನಗುತ್ತ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಮನೆಮನೆಯ ಡ್ರಾಯರಿನಲ್ಲಿ ನಾಲ್ಕು ನಾಲ್ಕು ಫೋನು ಸತ್ತು ಮಲಗಿವೆ, ಅವನ್ನು ಎತ್ತಿ ಕೊಡಲು ಕೈ ಬಾರದ ಮಂದಿಯ ಮೇಲೆ ನನಗೆ ಬಂದದ್ದು ನಿಜವಾದ ಸಿಟ್ಟು.

ಆ ಸಿಟ್ಟನ್ನೆಲ್ಲ ಸಂಕ್ರಾಂತಿಯ ಕೂಟದಲ್ಲಿ ಇಳಿಸಿದೆ. ಎಳ್ಳುಬೆಲ್ಲ ಹಂಚುವ ಮುನ್ನ ಎರಡು ಮಾತು ಎಂದು ಎದ್ದವಳು ನಲವತ್ತು ನಿಮಿಷ ಮಾತಾಡಿದೆ. ಉಪ್ಪಿಟ್ಟು ಆರಿ ಗಟ್ಟಿಯಾಯಿತು. 'ಹಾಳಾದ ಫೋನ್ ಕೊಡೂದು ದಾನ ಅಲ್ರಿ, ಅದು ಕಸ. ಮನ್ಯಾಗ ಎರಡನೇ ಫೋನ್ ಇದ್ದಾವ್ರು ಒಂದು ಕೊಡ್ರಿ. ಎರಡು ಇಟ್ಕೊಂಡು ಒಂದೂ ಕೊಡದಾವ್ರನ್ನ ಮನಿಷ್ಯಾರು ಅನಬೇಕೇನು?' ಎಂದೆಲ್ಲ ಹೇಳಿದೆ. ಎಲ್ಲರೂ ತಲೆ ತಗ್ಗಿಸಿದ್ದರು. ಅದು ನಾಚಿಕೆಯಿಂದ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ತಮ್ಮ ತಮ್ಮ ಫೋನು ನೋಡುತ್ತಿದ್ದರು. ಕೊನೆಯ ಸಾಲಿನಲ್ಲಿ ತಲೆಗೆ ಸೆರಗು ಹೊದ್ದು ಕೂತಿದ್ದ ಶಿವಲೀಲಾ ಮಾತ್ರ ನನ್ನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಒಬ್ಬಳಾದರೂ ಕೇಳಿದಳಲ್ಲ ಎಂದು ನನಗೆ ಸಮಾಧಾನವಾಯಿತು.

ಮುಂದಿನ ಗುರುವಾರ ಸಂಜೆ ಡಬ್ಬವನ್ನು ಮೇಲೆ ತರಿಸಿ ಹಾಲಿನ ಮೂಲೆಯಲ್ಲಿಡಿಸಿದೆ. ಶುಕ್ರವಾರ ಆರಿಸಿ ಸಂಸ್ಥೆಗೆ ತಲುಪಿಸುವುದೆಂದು ಯೋಚನೆ. ಶುಕ್ರವಾರ ಬೆಳಿಗ್ಗೆ ಎಂಟೂವರೆ, ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಡಬ್ಬ ರಿಂಗಾಯಿತು. ಯಜಮಾನರು ಪೇಪರಿನಿಂದ ತಲೆ ಎತ್ತಿ, 'ಏನ, ನಿನ್ನ ಡಬ್ಬ ಮಾತಾಡಾಕತ್ತೈತಿ ನೋಡು' ಎಂದರು. ಒಲೆ ಆರಿಸಿ ಓಡಿದೆ. ರಿಮೋಟು, ಕವರು, ಸತ್ತ ಫೋನುಗಳನ್ನೆಲ್ಲ ನೆಲಕ್ಕೆ ಸುರಿದಾಗ ಅರಿಶಿನದ ಕಲೆಯ ಕರ್ಚೀಫಿನ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಒರೆಸಿ ಲಕಲಕ ಮಾಡಿದ ಸಣ್ಣ ಬಟನ್ ಫೋನು, ಜೊತೆಗೆ ಅದರ ಚಾರ್ಜರು. ಆ ಡಬ್ಬದಲ್ಲಿ ಜೀವ ಇದ್ದದ್ದು ಅದೊಂದಕ್ಕೇ.

ಎತ್ತಿದೆ. ಆಸ್ಪತ್ರೆಯಿಂದ ನರ್ಸು. ಶಿವಲೀಲಾ ಅವರೇನಾ ಎಂದು ತೆಲುಗಿನಲ್ಲಿ ಕೇಳಿ, ನನ್ನ ಉತ್ತರಕ್ಕೂ ಕಾಯದೆ, ಇವತ್ತು ಸಂಜೆ ನಾಲ್ಕಕ್ಕಲ್ಲ, ಮಧ್ಯಾಹ್ನ ಹನ್ನೆರಡರೊಳಗೆ ಬರಬೇಕು, ಆಮೇಲೆ ಮಷೀನು ರಿಪೇರಿಗೆ ನಿಲ್ಲುತ್ತದೆ, ತಪ್ಪಿದರೆ ಸೋಮವಾರವೇ ಎಂದಳು. ಇಷ್ಟು ತಡವಾಗಿ ಹೇಳಿದರೆ ಹೇಗಮ್ಮ ಎಂದು ನಾನು ಶುರು ಮಾಡುವಷ್ಟರಲ್ಲಿ ಇಟ್ಟುಬಿಟ್ಟಳು. ಸಂಗಪ್ಪನಿಗೆ ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು. ಅವರ ಕಾರ್ಖಾನೆಯಲ್ಲಿ ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲೇ ಬಿಟ್ಟು ಹೋಗಬೇಕು. ಶಿವಲೀಲಾಳ ಫೋನು ನನ್ನ ಕೈಯಲ್ಲಿದೆ. ನಲವತ್ತು ನಿಮಿಷ ಭಾಷಣ ಬಿಗಿದವಳು ಕೊಡುವ ಮುಂಚೆ ಸಿಮ್ ತೆಗೆಯಿರಿ ಎಂಬ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ಈ ಕರೆ ನನಗೂ ಸಿಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಂದು ಕಾರು ಬುಕ್ ಮಾಡಿ ಪಟಾನ್‌ಚೆರುವಿಗೆ ಹೊರಟೆ. ದಾರಿಯುದ್ದಕ್ಕೂ ಸಿಗ್ನಲ್ಲುಗಳ ಮೇಲೆ, ಲಾರಿಗಳ ಮೇಲೆ, ನರ್ಸಿನ ಮೇಲೆ, ಶಿವಲೀಲಾಳ ಮೇಲೆ ಬೈಗುಳ ಸಿದ್ಧಪಡಿಸಿಕೊಂಡೆ. ಬೇಗ, ಬೇಗ ಎಂಬ ನನ್ನ ಅವಸರ ಕೇಳಿ ಸಾಕಾದ ಡ್ರೈವರು ಕೊನೆಗೆ, 'ಅಮ್ಮಾ, ಯೇ ಗಾಡಿ ಹೈ, ಜಹಾಜ್ ನೈ' ಎಂದ. ಇದು ಕಾರು, ವಿಮಾನವಲ್ಲ ಎಂದು ಮೂವತ್ತು ವರ್ಷ ಹೈದರಾಬಾದಿನಲ್ಲಿದ್ದವಳಿಗೆ ಹೇಳಿಕೊಡಬೇಕೇ? ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಕೋಣೆ. ಹೋದ ವರ್ಷ ಅವಳನ್ನು ಮಂಡಳಿಗೆ ಸೇರಿಸಲು ಒಮ್ಮೆ ಹೋಗಿದ್ದೆ. ಹತ್ತು ಗಂಟೆಗೆ ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಅವಳು ಗಾಬರಿಯಾದಳು. ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಕಾರಿಗೆ ಹತ್ತಿಸಿದೆ.

ಉಸಿರು ಸರಿಯಾದ ಮೇಲೆ ಕೇಳಿದೆ. 'ನಿನಗ ಬುದ್ಧಿ ಐತೇನ? ದವಾಖಾನಿಯವ್ರಿಗೆ ಕೊಟ್ಟ ನಂಬರ್ ಸಿಮ್ ಸಮೇತ ತಂದು ಡಬ್ಬದಾಗ ಹಾಕ್ತಾರೇನು?'

'ನೀವ ಹೇಳಿದ್ರೆಲ್ರಿ ಅಕ್ಕಾರ, ಮನ್ಯಾಗ ಎರಡು ಫೋನ್ ಇದ್ದಾವ್ರು ಒಂದು ಕೊಡ್ರಿ ಅಂತ. ನಮ್ಮಲ್ಲೆ ಎರಡ ಇದ್ದೂರಿ. ಅವ್ರದೊಂದು, ನಂದೊಂದು. ನಿನ್ನೆ ಕರೆಂಟ್ ಕೊಡಿಸ್ಕೊಂಡು ಹೋಗೂಮುಂದ ನಿಮ್ಮ ವಾಚ್‌ಮನ್ ಕಡೆ ಹಾಕಿ ಹೋದೆ.'

'ನಿನ್ನ ಸಲುವಾಗೇ ಕೂಡಸಾಕತ್ತೀವಿ ನಾವು. ನೀ ಯಾಕ ಕೊಡಬೇಕಿತ್ತು?'

'ಎಲ್ಲಾರೂ ಕೊಡಾಕತ್ತಾರ. ನಾ ಒಬ್ಬಾಕಿ ಕೈ ಬೀಸ್ಕೋತ ಬಂದು ಕೋಣ್ಯಾಗ ಕುಂತ್ರ ಛಂದ ಕಾಣತೈತೇನ್ರಿ? ನನ್ನ ಹಿಂದನೂ ಪಾಳೇದಾಗ ಮಂದಿ ಅದಾರಂತ.'

ಸಿದ್ಧಪಡಿಸಿಕೊಂಡಿದ್ದ ಬೈಗುಳಗಳಲ್ಲಿ ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ. 'ಎಲ್ಲಾರೂ ಕೊಡಾಕತ್ತಾರ' ಎನ್ನುವವಳಿಗೆ ಬಾದಾಮಿ ಸಿಪ್ಪೆಯ ಸುದ್ದಿ ಹೇಳಲೇ? ಕಿಟಕಿಯ ಕಡೆ ಮುಖ ತಿರುಗಿಸಿದೆ, ಕಣ್ಣು ಒರೆಸಿಕೊಂಡೆ. ಅವಳು ಅದನ್ನು ಸಿಟ್ಟೆಂದು ತಿಳಿದು, 'ತಪ್ಪಾತ್ರಿ ಅಕ್ಕಾರ' ಎಂದಳು. ನನಗೆ ಮತ್ತಷ್ಟು ಸಿಟ್ಟು ಬಂತು, ಈ ಸಲ ನನ್ನ ಮೇಲೆಯೇ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆ ಮುಟ್ಟಿದೆವು. ಅವಳನ್ನು ಒಳಗೆ ಕರೆದರು. ಒಂದು ದಿನವೂ ತಪ್ಪಲಿಲ್ಲ.

ಸಂಗಪ್ಪನ ಪಾಳಿ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇರಲೆಂದು ಅವಳನ್ನು ಕರೆತಂದೆ. ಮೊಸರನ್ನ ನಾಲ್ಕು ತುತ್ತು ತಿಂದಳು. ನಾನು ಅವಳ ಫೋನನ್ನು ಕರ್ಚೀಫಿನ ಸಮೇತ ಮುಂದಿಟ್ಟೆ. ಮುಟ್ಟಲಿಲ್ಲ.

'ಕೊಟ್ಟದ್ದು ಕೊಟ್ಟೀನ್ರಿ. ತಿರುಗಿ ತಗೊಂಡ್ರ ಡಬ್ಬದಾಗ ಒಂದು ಕಡಿಮಿ ಬೀಳತೈತೆಲ್ರಿ.'

'ಕಡಿಮಿ ಏನೂ ಬೀಳೂದಿಲ್ಲ. ಇದರ ಬದಲಿ ನಾ ಒಂದು ಹಾಕ್ತೀನಿ. ನನ್ನ ಕಡೆ ಇನ್ನೊಂದು ಛಲೋ ಫೋನ್ ಐತಿ.' ಬಾಯಿಂದ ಜಾರಿಯೇ ಹೋಯಿತು.

'ಐತೇನ್ರಿ?' ಎಂದಳು ಶಿವಲೀಲಾ. ಅವಳ ದನಿಯಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ, ಬರೀ ಕೇಳಿದಳು. 'ಮತ್ತ ಅದನ್ನ ಯಾಕ ಹಾಕಿಲ್ರಿ?'

ಇದಕ್ಕೆ ಉತ್ತರ ಕೊಡುವ ಮೊದಲು ಒಂದು ನಿಜ ಒಪ್ಪಿಕೊಳ್ಳಬೇಕು. ಡಬ್ಬ ಇಟ್ಟ ದಿನ ಎಲ್ಲರೆದುರು ಮೊದಲ ಫೋನು ಹಾಕಿ ಚಪ್ಪಾಳೆ ಗಿಟ್ಟಿಸಿದವಳು ನಾನೇ. ಅದು ಸಾಂಬಾರಿನಲ್ಲಿ ಬಿದ್ದು ಸತ್ತು ಎಷ್ಟೋ ಕಾಲವಾದ ಫೋನು. ಚೆನ್ನಾಗಿ ನಡೆಯುವ ಇನ್ನೊಂದು, ನಾನು ಹೊಸದು ತಗೊಂಡಾಗ ಎತ್ತಿಟ್ಟದ್ದು, ಅಲ್ಮಾರಿಯಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗಿತ್ತು. ಯಾಕೆ? ಇರಲಿ ಅಂತ. ಯಾವಾಗಲಾದರೂ ಬೇಕಾದೀತು ಅಂತ. ಎದುರು ಮನೆಯ ಲಕ್ಷ್ಮಿಯವರಿಗೆ ಟಬ್ಬಾದರೂ ಸಿಕ್ಕಿತು, ನನಗೆ ಅದೂ ಇಲ್ಲ.

ಎದ್ದೆ. ಅಲ್ಮಾರಿ ತೆಗೆದು ಆ ಫೋನು ತಂದೆ. ಯಜಮಾನರು ಕನ್ನಡಕ ಏರಿಸಿ ನೋಡಿದರು. 'ಇದು ಕೋಠಿ ಬಸ್ಸಿನ್ಯಾಗ ಕಳೀತು ಅಂದಿದ್ದೆಲ್ಲ?'

ಹೌದು, ಅಂದಿದ್ದೆ. ಅವರ ತಂಗಿಯ ಮಗನಿಗೆ ಕೊಟ್ಟುಬಿಟ್ಟಾರೆಂಬ ಭಯಕ್ಕೆ.

'ಸಿಕ್ತು' ಎಂದೆ.

ಶಿವಲೀಲಾ ಅದನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ತನ್ನ ಬಟನ್ ಫೋನನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಫೋನನ್ನು ಡಬ್ಬಕ್ಕೆ ಹಾಕಲು ಬಗ್ಗಿದವಳು ಹಾಗೇ ತಡೆದು ನಿಂತಳು.

'ಅಕ್ಕಾರ, ಇದರಾಗಿನ ಸಿಮ್ ತಗದೀರೇನ್ರಿ?'

ತೆಗೆದಿರಲಿಲ್ಲ; ಫೋನು ಬಸ್ಸಿನಲ್ಲಿ ಕಳೆಯಿತೆಂದ ಮೇಲೆ ಸಿಮ್ಮೂ ಕಳೆಯಲೇಬೇಕಲ್ಲ, ಹೊಸ ಸಿಮ್ಮೇ ಕೊಂಡಿದ್ದೆ. ಹಳೆಯದನ್ನು ತೆಗೆಯುವ ಪಿನ್ನು ಎಲ್ಲಿಟ್ಟಿದ್ದೀರಿ ಎಂದು ಯಜಮಾನರ ಮೇಲೆ ರೇಗಿದೆ.