ಅರ್ಧಾ ಪ್ರಸಂಗ ಕೇಳಿದಾಕಿ

ದೇವರ ಸೇವಾ ಮಾಡಬೇಕು, ಚರ್ಚಿನ್ಯಾಗ ನಿಂತು ನಾಕ ಮಾತು ಹೇಳಬೇಕು ಅಂತ ಹೆಣ್ಮಗಳೊಬ್ಬಾಕಿ ಮನಸ್ಸಿನ್ಯಾಗ ಅನಕೊಂಡಳು ಅಂದ್ರ ಸಾಕು, ನಗಿಪಾಟಲಾಗೂ ಸಂಗತಿಗೋಳು ಆಕಿ ಮನಿ ಹುಡಕೊಂಡು ಬರ್ತಾವ. ನಮ್ಮ ಮನಿಗಂತೂ ಹೇಳಿ ಕಳಿಸಿದ್ಹಂಗ ಬಂದಾವ. ಮೊನ್ನಿ ನಮ್ಮ ಚರ್ಚಿನ ಒಂದು ಹುಡುಗಿ ನನ್ನ ಹಂತೇಕ ಕುಂತು, "ಮಾವಶಿ, ದೇವರು ನನ್ನ ಕರದಾನ ಅಂತ ಒಂದ ದಿನಾ ಅನಸ್ತದ, ಮರದಿನಾ ಎದ್ರ ಎಲ್ಲಾ ನನ್ನ ಭ್ರಮಾ ಅನಸ್ತದ. ನಿಮಗೂ ಹಿಂಗ ಆಗಿತ್ತೇನು?" ಅಂತ ಕೇಳಿದಳು. ಆಗಿತ್ತೇನು ಅಂದ್ರ, ಇವತ್ತಿಗೂ ಆಗ್ತದ. ಆಕಿಗೆ ಉಪದೇಶಾ ಮಾಡೂವಷ್ಟು ಶಾಣ್ಯಾಕಿ ನಾ ಅಲ್ಲ. ನನಗ ಆಗಿದ್ದು ಅಷ್ಟ ಹೇಳಿದೆ.

ಗುಬ್ಬಿ ಸಭಾ

ಶೇಗಾಂವದಾಗ ನಮ್ಮದೊಂದು ಸಣ್ಣ ಹೊಲ. ಜ್ವಾಳ ತೆನಿ ಕಟ್ಟಿದಾಗ ಹಕ್ಕಿ ಕಾಯೂ ಕೆಲಸ ನಂದು. ಅಟ್ಟದ ಮ್ಯಾಲ ನಿಂತು ಹೆಂಗೂ ಒದರಬೇಕು. ಸುಮ್ನ "ಹೋ, ಹೋ" ಅನ್ನೂ ಬದಲಿ ಪ್ರಸಂಗರ ಮಾಡೂನು ಅಂತ ಸುರು ಮಾಡಿದೆ. ಪ್ರಸಂಗ ಅಂದ್ರ ನಮ್ಮ ಚರ್ಚಿನ್ಯಾಗ ಪಾಸ್ಟರು ದೇವರ ವಾಕ್ಯ ಬಿಡಿಸಿ ಹೇಳೂದು. ಖರೇನ ಹೇಳತೀನಿ, ಆ ಅಟ್ಟದ ಮ್ಯಾಲ ನಿಂತ್ರ ನನಗ ಎದಿ ತುಂಬಿ ಬರತಿತ್ತು. ಇಷ್ಟ ಮಾತು ನನ್ನ ಹೊಟ್ಟಿಯೊಳಗ ಇಟ್ಟಿಯಲ್ಲಪ್ಪಾ, ಕೇಳೂ ಮಂದೀನ ಯಾವಾಗ ಕೊಡ್ತಿ ಅಂತ ದೇವರನ್ನ ಕೇಳತಿದ್ದೆ.

ಒಂದಿನ "ಪಾಪಿಗಳಿರಾ, ತಿರುಗಿ ಬರ್ರಿ" ಅಂತ ಒದರಲಿಕ್ಕೆ ಹತ್ತಿದ್ದೆ. ಪಾಪ, ಬಾಜೂ ಹೊಲದ ಲಿಂಗಾಯತರ ಆಯಿ, ಬದುವಿನ ಸಲುವಾಗಿ ಯಾರೋ ನನ್ನ ಜೋಡಿ ಜಗಳಾ ತಗದಾರ ಅಂತ ತಿಳದು, ಕೈಯಾಗ ಬಡಿಗಿ ಹಿಡಕೊಂಡು ನನ್ನ ಪರವಾಗಿ ನಿಲ್ಲಾಕ ಓಡಿ ಬಂದಳು. ಯಾರೂ ಇಲ್ಲ ಆಯಿ, ಪ್ರಸಂಗ ಮಾಡೂದು ಕಲೀಲಿಕ್ಕೆ ಹತ್ತೀನಿ ಅಂದೆ. ಆಕಿ ಅಟ್ಟದ ಬುಡಕ ಕುಂತು ಪೂರಾ ಕೇಳಿದಳು. ನನಗ ಅಷ್ಟು ಖುಷಿ. ಎದ್ದು ಹೋಗೂ ಮುಂದ ಅಂದ್ಳು:

"ಭಾಳ ಚಲೋ ಹೇಳ್ತೀಯವ್ವಾ. ನಾಳಿಗೆ ನಮ್ಮ ಹೊಲದಾಗ ಬಂದು ಹೇಳು. ನಮ್ಮಲ್ಲೂ ಗುಬ್ಬಿ ಹೆಚ್ಚಾಗ್ಯಾವ."

ನಮ್ಮನಿಯವರ ಪ್ರಾರ್ಥನಿ

ಸೊರಡಿ ಅನ್ನೂ ಊರಾಗ ನಮ್ಮ ಚರ್ಚಿನ ಅಜ್ಜ ಒಬ್ಬಾಂವ ಜ್ವರಾ ಬಂದು ಮಲಗಿದ್ದ. ಪಾಸ್ಟರು ಪರಊರಿಗೆ ಹೋಗಿದ್ರು. ನೀವರ ಹೋಗಿ ಪ್ರಾರ್ಥನಿ ಮಾಡಿ ಬರ್ರಿ ಅಂತ ನನಗ ಫೋನ್ ಮಾಡಿದ್ರು. ನಮ್ಮನಿಯವರು ಗೌಂಡಿ ಕೆಲಸದವರು, ಗಾಡಿ ಹೊಡಿಯಾಕ ಅಂತ ಜೋಡಿ ಬಂದ್ರು. ಆ ಮನಿಯವರು ಖುರ್ಚಿ ಹಾಕಿದ್ದು ಇವರಿಗೆ, ಚಾ ಮೊದಲ ಕೊಟ್ಟಿದ್ದು ಇವರಿಗೆ, ತಲಿ ಬಗ್ಗಿಸಿ ಕುಂತಿದ್ದೂ ಇವರ ಮುಂದನ.

ನಮ್ಮವರು ಹುಟ್ಟಿದಾಗಿಂದ ಬಾಯಿ ಬಿಟ್ಟು ಪ್ರಾರ್ಥನಿ ಮಾಡಿದವರಲ್ಲ. "ದೇವರಾ" ಅಂದ್ರು. ಮುಂದ ಮಾತ ಬರಲಿಲ್ಲ. ಮೊಣಕೈಲೆ ನನಗ ತಿವಿದ್ರು. ಉಳದಿದ್ದೆಲ್ಲಾ ನಾ ಮಾಡಿದೆ, ಕಡೀಕ "ಆಮೆನ್" ಅಂತ ಅವರು ಜೋರಾಗಿ ಅಂದ್ರು. ಅಜ್ಜ ಕಣ್ಣೀರ ಒರಸಕೊಂಡು ನಮ್ಮವರ ಕೈ ಹಿಡದು, ಎಂಥಾ ಪ್ರಾರ್ಥನಿ ಮಾಡಿದ್ರಿ ಸಾಹೇಬ್ರ ಅಂದ. ನಾ ಸೆರಗ ಸರಿ ಮಾಡಕೊಂಡೆ. ಒಳಗ ಮಾತ್ರ ಭಾಳ ನೋವಾತು. ದೇವರು ಖರೇನ ನನ್ನ ಕರದಿದ್ರ, ನಾ ಮಂದಿಗೆ ಯಾಕ ಕಾಣಸೂದಿಲ್ಲ?

ಗಾಡಿ ಮ್ಯಾಲ ಹೊಳ್ಳಿ ಬರೂ ಮುಂದ ನಮ್ಮವರು ಅಂದ್ರು:

"ಅಲ್ಲ, ನಾ ಇಷ್ಟು ಚಲೋ ಪ್ರಾರ್ಥನಿ ಮಾಡ್ತೀನಂತ ನನಗ ಗೊತ್ತ ಇರಲಿಲ್ಲ ನೋಡು."

ಹಂದಿ ಕಾಯೂ ಹುಡುಗ

ಐತವಾರ ನಮ್ಮ ಚರ್ಚಿಗೆ ಕುಣಿಕೋಣೂರದಿಂದೆಲ್ಲಾ ಮಂದಿ ಬರ್ತಾರ, ಊಟಾನೂ ಅಲ್ಲೇ. ಅದಕ್ಕ ಪ್ರಸಂಗ ಅರ್ಧಕ್ಕ ಬಂತಂದ್ರ ಪಾಸ್ಟರ ಹೆಣ್ತಿ ಕಣ್ಣಸನ್ನಿ ಮಾಡ್ತಾರ, ನಾವು ಹೆಣ್ಮಕ್ಕಳು ಎದ್ದು ಹಿತ್ತಲಕ್ಕ ಹೋಗಿ ರೊಟ್ಟಿ ಬಡೀತೀವಿ. ಹೆಣ್ಮಕ್ಕಳಿಗೂ ಪ್ರಸಂಗ ಮಾಡಾಕ ಬಿಡ್ರಿ ಅಂತ ನಾ ಒಮ್ಮೆ ಧೈರ್ಯಾ ಮಾಡಿ ಕೇಳಿದ್ದೆ. ಚರ್ಚಿನ ಹಿರಿಯರು, ಹಂಗಾದ್ರ ರೊಟ್ಟಿ ಯಾರ ಮಾಡಬೇಕು ಅಂದ್ರು. ಮಾತು ಅಲ್ಲಿಗೇ ಮುಗೀತು.

ನನ್ನ ಜೋಡಿ ರೊಟ್ಟಿ ಬಡಿಯಾಕಿ ಒಬ್ಬಾಕಿ ಇದ್ದಾಳ, ಓದಾಕ ಬರೂದಿಲ್ಲ ಆಕಿಗೆ. ಒಂದಿನ ಒಲಿ ಮುಂದ, ಪಾಸ್ಟರು ಹೇಳೂ ಬೈಬಲಿನ ತಪ್ಪಿಹೋದ ಮಗನ ಕಥಿ ತಗದು ಕೇಳಿದಳು:

"ವೈನಿ, ಅಪ್ಪನ ಆಸ್ತಿ ಹಾಳ ಮಾಡಿ, ಹೊಟ್ಟಿಗಿಲ್ಲದ ಹಂದಿ ಕಾಯಾಕ ನಿಂತನಲ್ಲ ಆ ಹುಡುಗ, ಅಂವ ಮುಂದ ಏನಾದ? ಪ್ರತಿ ಸಲಾ ಅವನ್ನ ಹಂದಿ ನಡುವ ಬಿಟ್ಟು ಎದ್ದು ಬರ್ತೀವಿ."

ನಾ ನಕ್ಕೆ. ತಡಿ, ಹೇಳ್ತೀನಿ ಅನ್ನೂದರಾಗ ಒಳಗಿಂದ ರೊಟ್ಟಿ ತರ್ರಿ ಅಂತ ಕೂಗಿದ್ರು. ಹುಡುಗ ಹಂದಿ ಹಂತೇಕನ ಉಳದ.

ಹೋದ ಚಳಿಗಾಲದಾಗ ಪಾಸ್ಟರಿಗೆ ನೆಗಡಿಯಾಗಿ ಗಂಟಲ ಕಟ್ಟಿತು. ಪ್ರಸಂಗದ ವ್ಯಾಳ್ಯಾಕ್ಕ ಬಾಯಿ ತಗದ್ರ ಬರೇ ಗಾಳಿ ಬಂತು. ಅವರು ಬೆರಳು ನನ್ನ ಕಡೆ ತೋರಿಸಿದ್ರು. ನನ್ನ ಹಿಂದ ಯಾರರ ಕುಂತಾರೇನಂತ ಹೊಳ್ಳಿ ನೋಡಿದೆ, ಗ್ವಾಡಿ ಇತ್ತು. ಇದು ದೇವರ ಕರೆಯೋ, ಪಾಸ್ಟರ ನೆಗಡಿಯೋ ತಿಳೀಲಿಲ್ಲ. ಎದ್ದು ಮುಂದ ಹೋಗಿ ನಿಂತೆ. ಬಾಯಿಗೆ ಆ ಹುಡುಗನ ಕಥಿನ ಬಂತು.

ಹುಡುಗ ಹಂದಿ ಹಂತೇಕ ಬಂದು ಮುಟ್ಟಿದ. ರೂಢಿ ನೋಡ್ರಿ, ಪಾಸ್ಟರ ಹೆಣ್ತಿ ಕಣ್ಣಸನ್ನಿ ಮಾಡಿದ್ರು, ಹೆಣ್ಮಕ್ಕಳು ಎದ್ರು. ಇವರೂ ಹೋದ್ರ ನನಗ ಗುಬ್ಬಿನ ಗತಿ ಅನಸ್ತು. ಅಷ್ಟರಾಗ ಆ ರೊಟ್ಟಿ ಬಡಿಯಾಕಿ, ಎದ್ದಾಕಿ ಮತ್ತ ಕುಂತಳು. ಆಕೀನ ನೋಡಿ ಉಳದವರೂ ಕುಂತ್ರು. ಕಡೀಕ ಪಾಸ್ಟರ ಹೆಣ್ತೀನೂ ಕುಂತ್ರು. ನಾ ಆ ಹುಡುಗನ್ನ ಎಬ್ಬಿಸಿ, ಮನಿ ದಾರಿ ಹಿಡಿಸಿ, ಅಪ್ಪ ಓಡಿ ಬಂದು ತೆಕ್ಕಿ ಹಾಯೂತನಕ ಬಿಡಲಿಲ್ಲ. ಅಪ್ಪ ಹಬ್ಬದೂಟಾ ಮಾಡಿಸಿ ಉಣಿಸಿದ ಅಂದಾಗ ಆ ರೊಟ್ಟಿ ಬಡಿಯಾಕಿ ಸೆರಗಿಲೆ ಮಾರಿ ಒರಸಕೊಂಡಳು. ಇಷ್ಟು ವರ್ಷಾ ನಾ ಹಂಬಲಿಸಿದ್ದು ಇದನ್ನ.

ಆಮೆನ್ ಅಂದು ಹೋಗಿ ನೋಡಿದ್ರ ಹಿತ್ತಲದಾಗ ಒಲಿ ಹೊತ್ತಿಲ್ಲ, ಹಿಟ್ಟು ನಾದಿಲ್ಲ. ಹಿರಿಯರು ಖಾಲಿ ಬುಟ್ಟಿ ನೋಡಿ, ಇದಕ್ಕ ನಾ ಅವತ್ತ ಹೇಳಿದ್ದು, ಈಗ ಎಲ್ಲಾರೂ ಉಪಾಸ ಇರಬೇಕೇನು ಅಂತ ನನ್ನ ಮ್ಯಾಲ ಬಂದ್ರು. ನಾ ಬಾಯಿ ತಗಿಯೂದರಾಗ ರೊಟ್ಟಿ ಬಡಿಯಾಕಿ ಹಿಟ್ಟಿನ ಡಬ್ಬಿ ಮುಚ್ಚಳಾ ತಗಕೋತ ಅಂದ್ಳು:

"ಅಣ್ಣಾರ, ಆ ಹುಡುಗ ಇಷ್ಟು ವರ್ಷಾ ಹಂದಿ ನಡುವ ಉಪಾಸ ಇದ್ದ. ನೀವು ಒಂದ ತಾಸ ಇರ್ರಿ."