ಪರದೇಶಿ ಪತ್ರಕರ್ತರಿಗೆ ನಾನು ದುಭಾಷಿಯಾದದ್ದು

ಇಂಗ್ಲಿಷ್ ಕಲಿಸುವುದು ಒಂದು ಬೇನೆ. ನಮಗೆ ಇಂಗ್ಲಿಷ್ ಬರುತ್ತದೆಂದು ಊರಿಗೆಲ್ಲ ಗೊತ್ತಾಗುವುದು ಅದಕ್ಕಿಂತ ದೊಡ್ಡ ಬೇನೆ. ನಿವೃತ್ತ ಮೇಷ್ಟ್ರಾದವನು ಬಳ್ಳಾರಿಯ ಗಾಂಧಿನಗರದ ಮನೆಯಲ್ಲಿ ಒಗ್ಗರಣೆ ಮಂಡಕ್ಕಿ ತಿಂದುಕೊಂಡು ಸುಮ್ಮನಿರಬಾರದೇ? ಹಳೆಯ ಶಿಷ್ಯನೊಬ್ಬ ಫೋನ್ ಮಾಡಿದ. ಪತ್ರಿಕೋದ್ಯಮ ಕಲಿಯುವ ಇಬ್ಬರು ಪರದೇಶಿ ವಿದ್ಯಾರ್ಥಿಗಳು ಊರಿಗೆ ಬಂದಿದ್ದಾರಂತೆ, ಹೆಣ್ಣುಮಕ್ಕಳ ಓದಿನ ಬಗ್ಗೆ ವರದಿ ಮಾಡಬೇಕಂತೆ. “ನಿಮ್ಮಂಗ ಇಂಗ್ಲೀಷ್ ಮಾತಾಡೋರು ಯಾರದಾರ್ರಿ ಸರ, ನೀವ ದುಭಾಷಿ ಆಗ್ರಿ” ಎಂದ. ಹೊಗಳಿದರೆ ನಾನು ಯಾವ ಅಟ್ಟಕ್ಕಾದರೂ ಏರುವವನು. ಒಪ್ಪಿಕೊಂಡೆ.

ಕ್ಲಾರಾ ಪ್ರಶ್ನೆ ಕೇಳುವವಳು, ಪೀಟರ್ ಕ್ಯಾಮೆರಾದವನು. ಸಿರುಗುಪ್ಪದಲ್ಲಿ ಮೊದಲ ದಿನವೇ ನನ್ನ ತಲೆ ಕೆಟ್ಟಿತು. ಯಾವ ಹೆಂಗಸನ್ನು ಕೇಳಿದರೂ ಗಂಡ ಉತ್ತರ ಕೊಡುತ್ತಾನೆ, ನಾನು ಚಂದವಾಗಿ ಇಂಗ್ಲಿಷಿಗೆ ತಿರುಗಿಸುತ್ತೇನೆ. ಈ ಹುಡುಗಿ ಮಾತ್ರ ‘ಸರ್, ನಾನು ಕೇಳಿದ್ದು ಅವರನ್ನು’ ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಅಯ್ಯೋ ತಾಯಿ, ಒಂದೇ ಮನೆಯ ಉತ್ತರ ಎರಡೆರಡು ಸಲ ಯಾಕೆ? ಬಿಸಿಲಿಗೆ ನನ್ನ ನೆತ್ತಿ ರೊಟ್ಟಿ ಹಂಚಿನಂತೆ ಕಾದಿತ್ತು. ಪೀಟರ್ ಮಿರ್ಚಿ ತಿಂದು ಕಣ್ಣೀರು ಸುರಿಸುತ್ತ ಕೂತಿದ್ದ. ತಮ್ಮ ಕಷ್ಟ ಕೇಳಿ ಅಳುತ್ತಿದ್ದಾನೆಂದು ಹೆಂಗಸರೆಲ್ಲ ಅವನಿಗೇ ಸಮಾಧಾನ ಹೇಳಿದರು.

ಮಾರನೆಯ ದಿನ ಕುರುಗೋಡು. ಕಿರಾಣಿ ಅಂಗಡಿಯ ಬಸಣ್ಣನ ಮನೆ. ಮಗಳು ಶಾರದಾ ಪಿಯುಸಿ ಪಾಸಾಗಿದ್ದಳು. ಬಳ್ಳಾರಿಯ ಕಾಲೇಜಿಗೆ ಸೇರಲು ನಾಳೆಯೇ ಕೊನೆಯ ದಿನ, ಅಪ್ಪ ಬೇಡವೆಂದು ಹಟ ಹಿಡಿದಿದ್ದ. ಕ್ಲಾರಾ ಶಾರದಾಳನ್ನು ‘ನಿನಗೇನು ಬೇಕು?’ ಎಂದು ಕೇಳಿದಳು. ಅದನ್ನು ಕನ್ನಡಕ್ಕೆ ತರುವ ಗೋಜಿಗೇ ಹೋಗದೆ ನಾನು ನಮ್ಮ ಸಂಸ್ಕೃತಿ, ಸಂಜೆಯ ಬಸ್ಸು ಎಲ್ಲ ಸೇರಿಸಿ ಇಂಗ್ಲಿಷಿನಲ್ಲಿ ಒಂದು ಪಾಠವನ್ನೇ ಮಾಡಿದೆ. ಅದರಲ್ಲಿ ಬಸ್ಸೆಂಬ ಮಾತೊಂದೇ ತಿಳಿದು ಬಸಣ್ಣ “ಹೌದ್ರಿ, ಬಸ್ಸಿಂದ ಭಾಳ ತ್ರಾಸ ಐತ್ರಿ” ಎಂದು ತಲೆಯಾಡಿಸಿದ.

“ಸರ, ಅಪ್ಪಾ, ಇಬ್ರೂ ಸ್ವಲ್ಪ ಸುಮ್ಕಿರ್ರಿ” ಎಂದಳು ಶಾರದಾ. ಪಿಯುಸಿ ಪಾಸಾದವಳಿಗೆ ಇಂಗ್ಲಿಷ್ ತಿಳಿಯುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. “ಅವ್ರು ಕೇಳಿದ್ದು ನನ್ನ. ನಂಗ ಓದಾಕ ಹೋಗಬೇಕು. ಬಸ್ಸಿಗೆ ನಾ ಅಂಜಂಗಿಲ್ಲ. ಬಸ್ ಸ್ಟ್ಯಾಂಡಿನಾಗ ನಾಕು ಮಂದಿ ಏನಂತಾರೋ ಅಂತ ಅಂಜಾಂವ ನಮ್ಮಪ್ಪ.”

ಬಸಣ್ಣ ನನ್ನ ಕೈ ಹಿಡಿದುಕೊಂಡ. “ಸರ, ಇದನ್ನ ಇಂಗ್ಲೀಷ್‌ನಾಗ ಹೇಳಬ್ಯಾಡ್ರಿ.”

“ಕ್ಯಾಮೆರಾ ಎಲ್ಲಾ ಕೇಳೈತಪ್ಪ.”

“ಅಂದ್ರ, ಅವ್ರ ದೇಶದಾಗ ಮಂದಿ ಎಲ್ಲಾ ನೋಡ್ತಾರೇನ್ರಿ?”

“ನೋಡ್ತಾರ.”

ನಾಲ್ಕು ಮಂದಿಗೆ ಅಂಜುತ್ತಿದ್ದವನ ಎದುರಿಗೆ ಒಂದು ದೇಶವೇ ಬಂದು ನಿಂತಿತು. ಬೆವರೊರೆಸಿಕೊಂಡು, “ಹಂಗಾರ ನಾಳಿ ನಾನ ಕರ್ಕೊಂಡು ಹೋಗಿ ಕಾಲೇಜಿಗೆ ಹೆಸರು ಹಚ್ಚಸ್ತೀನಿ ಅಂತ ಅದೂ ಸೇರ್ಸಾಕ ಹೇಳ್ರಿ” ಎಂದ. ಹೇಳಿದಂತೆ ಮಾಡಿದ ಕೂಡ. ನನಗೆ ನಿಜಕ್ಕೂ ಸಂತೋಷವಾಯಿತು.

ಸಂತೋಷ ಇದ್ದದ್ದು ಆ ಪರದೇಶಿಗಳ ವಿಡಿಯೋ ಬರುವವರೆಗೆ. ‘ಹೆಣ್ಣನ್ನು ಕೇಳಿದರೆ ಗಂಡಸು ಉತ್ತರಿಸುತ್ತಾನೆ’ ಎಂದು ಕ್ಲಾರಾ ಈ ಸೀಮೆಯ ಸಮಸ್ಯೆಯನ್ನು ವಿವರಿಸುತ್ತಿದ್ದಾಳೆ, ತೆರೆಯ ತುಂಬ ನಾನು ಕೈ ತಿರುಗಿಸುತ್ತ ಪಾಠ ಮಾಡುತ್ತಿದ್ದೇನೆ! ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅದೇ ಶಿಷ್ಯನ ಫೋನು: “ವಿಡಿಯೋ ನೋಡಿದ್ರೇನ್ರಿ ಸರ? ಮನ್ಯಾಗ ಅಮ್ಮಾರಿಗೆ ಹೆಂಗ ಅನಿಸ್ತಂತ್ರಿ?”

ಹೆಂಡತಿ ಪಕ್ಕದಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಅಕಿಗೆ ಒಂಚೂರೂ ಸೇರಿಲ್ಲಪ್ಪ” ಎಂದೆ.